ಎರವಲು ಶ್ರುತಿ

ಓಲಗದ ಚೌಡಪ್ಪನವರ ಮನೆಗೆ ವೀಳ್ಯದೆಲೆ ಅಡಿಕೆ ಕೊಟ್ಟು ಹೇಳಿ ಬರದೆ ನಾನು ನನ್ನ ಲ್ಯಾಪ್‌ಟಾಪಿನಲ್ಲಿ ನಾದಸ್ವರ ತೆರೆಯುವುದಿಲ್ಲ. ತೆರೆಯಬಾರದು. ನಾನು ಇಲ್ಲಿ ಕೀಲಿ ಒತ್ತಿ ಪೀ ಅನ್ನಿಸಿದರೆ ಅಲ್ಲಿ ಅವರ ಕೈಯಲ್ಲಿರುವ ಅಸಲಿ ಓಲಗ ಬಾಯಿ ಮುಚ್ಚಿಕೊಳ್ಳುತ್ತದೆ. ಅವರು ಕೆನ್ನೆ ಉಬ್ಬಿಸಿ ಎಷ್ಟೇ ಊದಲಿ, ಬರೀ ಗಾಳಿ. ನಮ್ಮೂರಿನ ಸದ್ದುಗಳೇ ಹಾಗೆ, ಒಂದು ಸದ್ದು ಒಂದು ಹೊತ್ತಿಗೆ ಒಂದೇ ಕಡೆ ಇರುತ್ತದೆ. ಬೇರೆ ಊರುಗಳಲ್ಲಿ ಪ್ಲಗಿನ್ ಅಂತ ತಂದು ಹಾಡು ಕಟ್ಟುವ ಸಾಫ್ಟ್‌ವೇರಿಗೆ ಸಿಕ್ಕಿಸಿಕೊಂಡರೆ ಆ ವಾದ್ಯ ನಿಮ್ಮದೇ ಆಗಿಬಿಡುತ್ತದಂತೆ. ನಮ್ಮಲ್ಲಿ ಪ್ಲಗಿನ್ ಅಂದರೆ ಪಕ್ಕದ ಮನೆಗೆ ಹೆಪ್ಪಿಗೆ ಮೊಸರು ಕೇಳಲು ಹಿಡಿದುಕೊಂಡು ಹೋಗುವ ಬಟ್ಟಲು, ಅಷ್ಟೆ.

ಊರಿನವರು ಇದಕ್ಕೆ ಯಾವತ್ತೋ ಒಗ್ಗಿಹೋಗಿದ್ದಾರೆ. ಚೌಡಪ್ಪನವರು ಎಲೆ ಇಸಿದುಕೊಂಡು, "ಮಧ್ಯಾನದವರ್ಗೂ ಮಡೀಕ್ಕೊ ತಿಪ್ಪೇಶಪ್ಪ, ಆಮೇಲೆ ಗಾಣಿಗರ ಮನೇಲಿ ನಾಮಕರಣ ಐತೆ, ವಾಪಸ್ ಬುಟ್ಬುಡು" ಅನ್ನುತ್ತಾರೆ. ನಾನು ಬಿಡುತ್ತೇನೆ. ಹಾಡಿಗೆ ಗುಂಯ್ ಅನ್ನುವ ದೊಡ್ಡ ಪ್ರತಿಧ್ವನಿ ಬೇಕಾದರೆ ಅದು ಊರಿನ ಛತ್ರದ ಹಾಲಿನಿಂದ ಬರಬೇಕು, ಅಲ್ಲಿಯ ವ್ಯವಸ್ಥಾಪಕರಾದ ನರಹರಿರಾಯರಿಗೆ ವೀಳ್ಯ. ಅವರಂತೂ ಒಮ್ಮೊಮ್ಮೆ ತಾವೇ ಓಡಿ ಬರುತ್ತಾರೆ. "ಲೋ ತಿಪ್ಪೇಶ, ಇವತ್ತು ಮೂರು ಜನ ಭಾಷಣ ಮಾಡೋರು ಬಂದಿದ್ದಾರೆ ಕಣೋ, ಸ್ವಲ್ಪ ನಮ್ಮ ಹಾಲಿನ ಪ್ರತಿಧ್ವನಿ ಎಳ್ಕೊಂಬಿಡು" ಎನ್ನುತ್ತಾರೆ. ತಮ್ಮ ಮಾತು ತಮಗೇ ಘನವಾಗಿ ಕೇಳಿಸದೇ ಹೋದರೆ ಭಾಷಣಕಾರರು ಬೇಗ ಮುಗಿಸುತ್ತಾರೆ. ಇನ್ನು ಕಂಪ್ರೆಸರ್ ಅಂತ ಒಂದಿದೆ, ಏರಿದ ದನಿಯನ್ನು ತಗ್ಗಿಸಿ ತಗ್ಗಿದ್ದನ್ನು ಏರಿಸಿ ಸಮ ಮಾಡುವ ಪ್ಲಗಿನ್. ಅದನ್ನು ಹಾಕಿದ ದಿನ ನಮ್ಮ ಬೀದಿಯ ಸಮಾಧಾನವೆಲ್ಲ ಹಾಡಿಗೆ ಹೋಗಿ, ನಲ್ಲಿಯ ಹತ್ತಿರ ಜಗಳ ಶುರುವಾಗುತ್ತದೆ. ಅದಕ್ಕೆ ಯಾರ ಮನೆಗೆ ಎಲೆ ಕೊಡಬೇಕೆಂದು ತಿಳಿಯದೆ ಪೊಲೀಸ್ ಠಾಣೆಗೆ ಕೊಟ್ಟು ಬಂದಿದ್ದೇನೆ.

ಇನ್ನೊಂದು ವಿಷಯ. ಹಾಡನ್ನು ಪೂರ್ತಿ ಮಾಡಿ ಪೆನ್‌ಡ್ರೈವಿಗೆ ಹಾಕಿಕೊಟ್ಟರೆ ಎರವಲು ಸದ್ದುಗಳೆಲ್ಲ ದನಗಳ ಹಾಗೆ ಸಂಜೆಯೊಳಗೆ ತಂತಮ್ಮ ಮನೆಗೆ ಹೋಗಿಬಿಡುತ್ತವೆ. ಹಾಗಾಗಿ ನಮ್ಮೂರಲ್ಲಿ ಹಾಡು ಕೇಳಬೇಕೆಂದರೆ ಲ್ಯಾಪ್‌ಟಾಪನ್ನೂ ನನ್ನನ್ನೂ ಒಟ್ಟಿಗೇ ಕರೆಯಬೇಕು. ನಾನು ಕೂತು, ಪ್ಲಗಿನ್‌ಗಳನ್ನೆಲ್ಲ ಆನ್ ಮಾಡಿ, ಆಗಿಂದಾಗ ನುಡಿಸಬೇಕು. ನನ್ನ ಹೊಟ್ಟೆಪಾಡು ನಡೆಯುವುದು ಇದರಿಂದಲೇ.

ಮನೆಯ ಮುಂದೆ 'ತಿಪ್ಪೇಶ್ ಸೌಂಡ್ಸ್, ಸಂಗೀತ ನಿರ್ದೇಶಕರು' ಎಂದು ಬೋರ್ಡಿದೆ. ಬಹುವಚನ ನಾನೇ ಹಾಕಿಸಿದ್ದು. ಒಳಗೆ ಮುಂದಿನ ಕೋಣೆಯ ಗೋಡೆಗೆಲ್ಲ ಹಳೇ ಕೌದಿ ಹೊಡೆದು ಅದನ್ನು ಸ್ಟುಡಿಯೋ ಎಂದು ಕರೆಯುತ್ತೇನೆ. ನನಗೆ ಒಂದು ವಾದ್ಯವೂ ಬರುವುದಿಲ್ಲ. ಮೌಸ್ ಚೆನ್ನಾಗಿ ಆಡಿಸುತ್ತೇನೆ. ಇನ್ನು ಹಾಡುವ ವಿಚಾರಕ್ಕೆ ಬಂದರೆ, ಶಾಲೆಯಲ್ಲಿ ಪ್ರಾರ್ಥನೆ ಹೊತ್ತಿಗೆ ಮೇಷ್ಟ್ರು ನನ್ನ ಪಕ್ಕಕ್ಕೆ ಬಂದು, "ನೀನು ಬಾಯಿ ಆಡಿಸು ಸಾಕು ಮರಿ, ದೇವರಿಗೆ ಅರ್ಥ ಆಗುತ್ತೆ" ಎಂದಿದ್ದರು. ಪುಣ್ಯಾತ್ಮರು ಅಷ್ಟು ಮೆತ್ತಗೆ ಹೇಳಿದ್ದರಿಂದ ಅದನ್ನು ಬೈಗುಳವೆಂದು ತಿಳಿಯದೆ ನಾನು ಇಷ್ಟು ವರ್ಷ ಹಾಡಬೇಕೆಂಬ ಆಸೆ ಇಟ್ಟುಕೊಂಡೇ ಬೆಳೆದೆ.

ನನ್ನ ಹೆಂಡತಿ ಜಲಜಾಕ್ಷಿ ಹಾಡುತ್ತಾಳೆ. ನಿಜವಾಗಿ ಹಾಡುತ್ತಾಳೆ. ಚಿಕ್ಕಂದಿನಿಂದ ಕಲಿತವಳು, ಪರೀಕ್ಷೆಗಳನ್ನೆಲ್ಲ ಪಾಸು ಮಾಡಿಕೊಂಡವಳು, ಬೀದಿಯ ಹೆಣ್ಣುಮಕ್ಕಳಿಗೆ ಪಡಸಾಲೆಯಲ್ಲಿ ಕೂರಿಸಿಕೊಂಡು ಪಾಠ ಹೇಳುವವಳು. ರೊಟ್ಟಿ ತಟ್ಟುತ್ತಾ ಅವಳು ಒಂದು ಆಲಾಪ ಶುರು ಮಾಡಿದರೆ ನಾನು ಸುಮ್ಮನಿರಲಾರದೆ ಬಾಗಿಲಲ್ಲಿ ನಿಂತು ಜೊತೆಗೆ ಗುನುಗುತ್ತೇನೆ. ನನ್ನ ಗುನುಗು ಎತ್ತಲೋ ಹೋಗುತ್ತದೆ, ಅವಳದು ಇದ್ದಲ್ಲೇ ಇರುತ್ತದೆ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸಂಗೀತದ ಟೀಚರ್ ಕೆಲಸ ಬಹಳ ಕಾಲದಿಂದ ಖಾಲಿ ಬಿದ್ದಿತ್ತು. ಈ ಸಲ ಅದಕ್ಕೆ ಅರ್ಜಿ ಕರೆದರು. ಜಲಜಳ ವಯಸ್ಸು ಮಿತಿಯ ಅಂಚಿಗೆ ಬಂದಿತ್ತು, ಇದು ಹೋದರೆ ಇನ್ನೊಂದು ಸಲ ಅನ್ನುವುದಿರಲಿಲ್ಲ. ಹೊರಗಿನಿಂದ ಪರೀಕ್ಷಕರು ಬಂದು ಎದುರಿಗೆ ಕೂರಿಸಿಕೊಂಡು ಹಾಡಿಸಿ ಆರಿಸುತ್ತಾರೆಂದು ಸುದ್ದಿಯಾಯಿತು. ಅವಳು ಆ ಕೆಲಸವನ್ನು ಎಷ್ಟು ಬಯಸಿದ್ದಳೆಂದರೆ ಅದರ ಮಾತೇ ಆಡುತ್ತಿರಲಿಲ್ಲ.

ಅದೇ ಹೊತ್ತಿಗೆ ಪುರಸಭೆಯ ಅಧ್ಯಕ್ಷೆ ದಾಕ್ಷಾಯಿಣಮ್ಮನವರು ನಮ್ಮ ಮನೆಗೆ ಬಂದರು. ಹೊಸ ಬಸ್ ಸ್ಟ್ಯಾಂಡ್ ಉದ್ಘಾಟನೆಗೆ ಒಂದು ಊರಗೀತೆ ಬೇಕು, ಪದ್ಯ ತಾವೇ ಬರೆದಿರುವುದಾಗಿ ಹೇಳಿದರು. ನಮ್ಮೂರಿಗೆ ಹೆಸರಿಲ್ಲದೇ ಇರುವುದರಿಂದ ಪಲ್ಲವಿ 'ನಮ್ಮೂರು ನಮ್ಮೂರು, ನಮ್ಮದೇ ಈ ಊರು' ಎಂದಿತ್ತು. ಊರಿಗೆ ಹೆಸರಿಲ್ಲದಿದ್ದರೇನು, ಸದಸ್ಯರಿಗೆ ಇದೆಯಲ್ಲ. ಚರಣಗಳಲ್ಲಿ ಪುರಸಭೆಯ ಎಲ್ಲ ಸದಸ್ಯರ ಹೆಸರೂ ವಾರ್ಡಿನ ಪ್ರಕಾರ ಬಂದಿದ್ದವು.

"ಒಂದು ಅಕ್ಷರ ನುಂಗೋ ಹಾಗಿಲ್ಲ ತಿಪ್ಪೇಶ್ ಅವರೇ. ಒಬ್ಬರ ಹೆಸರು ಕೇಳಿಸದೇ ಹೋದ್ರೂ ಮೀಟಿಂಗ್‌ನಲ್ಲಿ ನನ್ನ ಪ್ರಾಣ ತಿಂತಾರೆ," ಎಂದರು ದಾಕ್ಷಾಯಿಣಮ್ಮ. "ಹಾಡೋರು ಯಾರು?"

ಆ ಕ್ಷಣಕ್ಕೆ ಸರಿಯಾಗಿ ಜಲಜ ಕಾಫಿ ಲೋಟಗಳ ತಟ್ಟೆ ಹಿಡಿದು ಬಂದಳು. ಯಾವ ಬುದ್ಧಿ ಇರುವ ಗಂಡನಾದರೂ ಅವಳ ಕಡೆ ಕೈ ತೋರಿಸುತ್ತಿದ್ದ. "ನಾನೇ," ಎಂದೆ ನಾನು.

ಅಧ್ಯಕ್ಷೆ ಹೋದ ಮೇಲೆ ಜಲಜ ಲೋಟ ತೆಗೆಯುತ್ತಾ, "ರೀ, ನಿಜವಾಗ್ಲೂ ನೀವೇ ಹಾಡ್ತೀರಾ?" ಎಂದಳು.

"ಯಾಕೆ, ಹಾಡಬಾರ್ದಾ? ನಿನಗೆ ಪರೀಕ್ಷೆ ಇದೆಯಲ್ಲ, ತೊಂದರೆ ಕೊಡೋದು ಬೇಡಾಂತ."

"ಏನಿಲ್ಲ. ಬಸ್ ಸ್ಟ್ಯಾಂಡು ಹೊಸದು, ಪಾಪ."

ಅವಳು ಹಾಗೆ ಅಂದಳಲ್ಲ, ನನಗೆ ಛಲ ಬಂತು. ಪರಿಚಯದವರೊಬ್ಬರಿಂದ ಶ್ರುತಿ ತಿದ್ದುವ ಪ್ಲಗಿನ್ ತರಿಸಿದೆ. ನೀವು ಎಷ್ಟೇ ಅಡ್ಡಾದಿಡ್ಡಿ ಹಾಡಿ, ಅದು ಪ್ರತಿ ಸ್ವರವನ್ನೂ ಕಿವಿ ಹಿಡಿದು ತಂದು ಅದರ ಜಾಗದಲ್ಲಿ ನಿಲ್ಲಿಸುತ್ತದೆ. ನನ್ನ ದನಿಯ ಟ್ರ್ಯಾಕಿಗೆ ಸಿಕ್ಕಿಸಿ, ಕಿವಿಗೆ ಹೆಡ್‌ಫೋನ್ ಏರಿಸಿ ಕೇಳಿದೆ. ಯಾರೋ ಹಾಡುತ್ತಿದ್ದರು. ದನಿ ನನ್ನದು, ಆದರೆ ನೆಟ್ಟಗಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಅತ್ತುಬಿಟ್ಟೆ. ಮೂಗು ಒರೆಸಿಕೊಂಡು ಮತ್ತೆ ಹಾಕಿ ಕೇಳಿದೆ, ಮತ್ತೆ ಅತ್ತೆ.

ಆದರೆ ಎರವಲು ತಂದ ಮೇಲೆ ಹೇಳಿ ಬರಬೇಕಲ್ಲ. ಈ ಶ್ರುತಿ ಯಾರ ಮನೆಯದು? ಸ್ಟುಡಿಯೋದಲ್ಲಿ ಹಾಡನ್ನು ಓಡಲು ಬಿಟ್ಟು, ಎಲೆ ಅಡಿಕೆ ಹಿಡಿದು ಊರು ಸುತ್ತಿದೆ. ಮೊದಲು ಚೌಡಪ್ಪನವರ ಮನೆಗೆ ಹೋದೆ. ಅವರು ಊದಿ ನೋಡಿ, "ನಂದು ನನ್ನತ್ರಾನೇ ಐತೆ ಕಣಪ್ಪ" ಎಂದರು. ಛತ್ರದ ಉಗ್ರಾಣದಲ್ಲಿದ್ದ ತಂಬೂರಿ ಮೀಟಿ ನೋಡಿದ ನರಹರಿರಾಯರು, "ಇದು ಮೊದಲು ಎಷ್ಟು ಕೆಟ್ಟಿತ್ತೋ ಅಷ್ಟೇ ಕೆಟ್ಟಿದೆ" ಎಂದರು. ಭಜನೆ ಮನೆಯ ಹಾರ್ಮೋನಿಯಂ ಸರಿಯಿತ್ತು. ಚರ್ಚಿನ ಗಂಟೆ ಸರಿಯಿತ್ತು. ಕಡ್ಲೆಪುರಿ ಮಾರುವವನ ಕೂಗು ಕೂಡ ಸರಿಯಿತ್ತು. ಎಲ್ಲರಿಗೂ ಸುಮ್ಮನೆ ಒಂದೊಂದು ವೀಳ್ಯ ಕೊಟ್ಟೆ, ಇರಲಿ ಅಂತ. ಕೊನೆಗೆ ಚೌಡಪ್ಪನವರೇ, "ಯಾರ್ದೂ ಅಲ್ಲ ಅಂದ್ಮ್ಯಾಕೆ ನಿಂದೇ ಇರಬೇಕು ಬುಡು, ಒಳಗೇ ಎಲ್ಲೋ ಮಲಗಿತ್ತು, ಈಗ ಎದ್ದೈತೆ" ಎಂದರು. ಅವರು ತಮಾಷೆಗೆ ಅಂದದ್ದು. ನಾನು ನಂಬಿದೆ.

ಒಂದು ಮನೆಗೆ ಮಾತ್ರ ನಾನು ವೀಳ್ಯ ಕೊಟ್ಟಿರಲಿಲ್ಲ. ಕೊಡುವ ಯೋಚನೆ ಬರುವ ಹಾಗೂ ಇರಲಿಲ್ಲ. ಎರವಲಿನ ವೀಳ್ಯ ಕೊಡುವುದು ಪರರ ಮನೆಗೆ. ತನ್ನ ಮನೆಯಲ್ಲಿ ಯಾರಾದರೂ ಕೇಳಿ ತೆಗೆದುಕೊಳ್ಳುತ್ತಾರೆಯೇ?

ಜಲಜಳ ಶ್ರುತಿ ಜಾರತೊಡಗಿದ್ದು ಆಗಲೇ. ನಾನು ಸ್ಟುಡಿಯೋ ಸೇರಿ ಬಾಗಿಲು ಹಾಕಿಕೊಂಡ ಮೇಲೆ, ನನ್ನ ಗುನುಗಿನ ಕಾಟ ಇಲ್ಲವೆಂದು, ಅವಳು ಅಭ್ಯಾಸಕ್ಕೆ ಕೂರುತ್ತಿದ್ದಳು. ನಾನು ಒಳಗೆ 'ನಮ್ಮೂರು ನಮ್ಮೂರು' ಎಂದು ತಿದ್ದಿಸಿಕೊಂಡು ಮೆರೆಯುತ್ತಿದ್ದರೆ ಅವಳು ಹೊರಗೆ ಷಡ್ಜ ಹಿಡಿಯಲಾರದೆ ಒದ್ದಾಡುತ್ತಿದ್ದಳು. ನನ್ನ ಕಿವಿಯಲ್ಲಿ ಹೆಡ್‌ಫೋನ್, ಗೋಡೆಯ ಮೇಲೆ ಕೌದಿ. ನಾನು ಹೊರಬರುವಷ್ಟರಲ್ಲಿ ಅವಳು ತಂಬೂರಿ ಪೆಟ್ಟಿಗೆ ಆರಿಸಿ, ಗಂಟಲು ಸವರಿಕೊಳ್ಳುತ್ತಾ ಕೂತಿರುತ್ತಿದ್ದಳು. ಮೊಸರು ಬಿಟ್ಟಳು. ಹುಣಸೆಹಣ್ಣು ಬಿಟ್ಟಳು. ಮೆಣಸು, ಶುಂಠಿ, ಬೆಲ್ಲ ಕುದಿಸಿ ಹೊತ್ತುಹೊತ್ತಿಗೆ ಕಷಾಯ ಕುಡಿದಳು. ಮನೆಯೆಲ್ಲ ಮೆಣಸಿನ ಘಾಟು.

"ನೀವು ಅಂಗಡಿಗೆ ಹೋಗಿದ್ರಲ್ಲ, ಆಗ ಸರಿ ಇತ್ತು ರೀ. ನೀವು ಬಂದ್ಮೇಲೆ ಮತ್ತೆ ಕೆಟ್ಟೋಯ್ತು," ಎಂದಳು ಒಂದು ದಿನ.

ಇದನ್ನು ಕೇಳಿದ ಒಬ್ಬ ಸಾಮಾನ್ಯ ಮನುಷ್ಯನಿಗೆ ಏನಾದರೂ ಹೊಳೆಯಬೇಕಿತ್ತು. ನಾನು ಸಾಮಾನ್ಯನಲ್ಲ, ಸಂಗೀತ ನಿರ್ದೇಶಕರು. ನನ್ನಂಥ ಪರಿಣತನ ಮುಂದೆ ಹಾಡುವಾಗ ಅಳುಕು ಸಹಜ ಎಂದುಕೊಂಡೆ. ಅಷ್ಟೇ ಅಲ್ಲ, ಅವಳ ಎದುರಿಗೆ ಮಣೆ ಹಾಕಿಕೊಂಡು ಕೂತು ಉಪದೇಶವನ್ನೂ ಮಾಡಿದೆ. ಶ್ರುತಿ ಗಂಟಲಿನಿಂದಲ್ಲ ಜಲಜ, ಒಳಗಿನಿಂದ ಬರಬೇಕು ಎಂದೆ. ಮನಸ್ಸು ನಿಲ್ಲಬೇಕು ಎಂದೆ. ಜನ್ಮದಲ್ಲಿ ಒಂದು ಸಲವೂ ಷಡ್ಜ ಮುಟ್ಟದವನು, ಅದರ ಮೇಲೇ ಮನೆ ಕಟ್ಟಿಕೊಂಡಿದ್ದವಳಿಗೆ ದಾರಿ ಹೇಳಿಕೊಟ್ಟೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ಪರೀಕ್ಷೆ ಹತ್ತಿರ ಬಂದಾಗ ಅವಳು ಅಕ್ಕಿ ಆರಿಸುತ್ತಾ ಇದ್ದಕ್ಕಿದ್ದ ಹಾಗೆ ಮೊರ ಕೆಳಗಿಟ್ಟು ಅಳತೊಡಗಿದಳು. "ನಾನು ಹೋಗಲ್ಲ ರೀ. ಹೋಗಿ ಅಲ್ಲಿ ಹೊರಗಿನೋರ ಮುಂದೆ ಮರ್ಯಾದೆ ಕಳ್ಕೊಳೋದಕ್ಕಿಂತ ಹೋಗದೇ ಇರೋದು ವಾಸಿ. ಕಿವಿ ಕೆಟ್ಟಿದೆಯೋ ಗಂಟಲು ಕೆಟ್ಟಿದೆಯೋ ಒಂದೂ ಗೊತ್ತಾಗ್ತಿಲ್ಲ. ಹಾಡು ಬಿಟ್ಟು ನನಗೆ ಇನ್ನೇನು ಬರುತ್ತೆ ಹೇಳಿ."

ಅವಳ ಕೈ ಹಿಡಿದುಕೊಂಡೆ. ಧೈರ್ಯ ಹೇಳಬೇಕೆಂದು ಬಾಯಿ ತೆರೆದರೆ ಬಂದದ್ದು, "ನನ್ನ ನೋಡು, ಈ ವಯಸ್ಸಿನಲ್ಲಿ ನಾನೇ ಕಲಿತಿಲ್ವಾ?" ಎಂಬ ಮಾತು. ಜಲಜ ಕಣ್ಣೊರೆಸಿಕೊಂಡು ನನ್ನನ್ನು ನೋಡಿದಳು. ಆಮೇಲೆ ಮೊರ ಎತ್ತಿಕೊಂಡಳು.

ಪಂಚಾಂಗದಲ್ಲಿ ಒಳ್ಳೆಯ ದಿನ ಒಂದೇ ಇತ್ತೆಂದು ಉದ್ಘಾಟನೆಯೂ ಸ್ಕೂಲಿನ ಪರೀಕ್ಷೆಯೂ ಒಂದೇ ಬೆಳಗ್ಗೆ ಬಿದ್ದವು. ಹೊಸ ಬಸ್ ಸ್ಟ್ಯಾಂಡಿಗೂ ಹೆಣ್ಣುಮಕ್ಕಳ ಹೈಸ್ಕೂಲಿಗೂ ನಡುವೆ ಒಂದೇ ಗೋಡೆ. ಜಲಜಳನ್ನು ಸ್ಕೂಲಿನ ಗೇಟಿನ ತನಕ ಬಿಟ್ಟು, "ಒಳಗಿನಿಂದ ಬರಬೇಕು, ಮರೀಬೇಡ" ಎಂದು ಮತ್ತೊಮ್ಮೆ ಹೇಳಿ, ನಾನು ಈಚೆ ಬಂದೆ. ನನ್ನ ಮೇಜನ್ನು ಆ ಗೋಡೆಗೆ ಒತ್ತಿ ಹಾಕಿದ್ದರು. ತಲೆಯ ಮೇಲೆ ಸ್ಕೂಲಿನ ಕಿಟಕಿ. ಗೂಟಗಳಿಗೆ ಕಟ್ಟಿದ್ದ ಹಾರ್ನ್‌ಗಳು ರಸ್ತೆಯ ಕಡೆ ಮುಖ ಮಾಡಿದ್ದವು. ಓಲಗವನ್ನು ನನಗೆ ಎರವಲು ಕೊಟ್ಟು ಕೆಲಸವಿಲ್ಲದೆ ಕೂತಿದ್ದ ಚೌಡಪ್ಪನವರು ಪಕ್ಕದ ಕುರ್ಚಿಯಲ್ಲಿ ಎಲೆ ಮೆಲ್ಲುತ್ತಿದ್ದರು. ಹೂವಿನ ಹಾರ ಹಾಕಿದ ಬಸ್ಸು ದೂರದಲ್ಲಿ ನಿಂತಿತ್ತು. ಹಾಡು ಮುಗಿಯುತ್ತಿದ್ದ ಹಾಗೆ ಅದು ಬಂದು ಟೇಪು ಹರಿಯಬೇಕು ಎಂದು ಏರ್ಪಾಡು. ಹಾಡು ಅರ್ಧಕ್ಕೆ ನಿಂತರೆ ಅಪಶಕುನ, ಆ ಬಸ್ಸಿಗೆ ಯಾರೂ ಹತ್ತುವುದಿಲ್ಲ ಎಂದು ದಾಕ್ಷಾಯಿಣಮ್ಮ ನನಗೆ ಮೊದಲೇ ಎಚ್ಚರಿಸಿದ್ದರು.

ಸ್ಟಾರ್ಟ್ ಒತ್ತಿದೆ. ಡೊಳ್ಳು ಬಂತು, ಓಲಗ ಬಂತು, ಆಮೇಲೆ ಮೊದಲೇ ಹಾಡಿಟ್ಟಿದ್ದ ಟ್ರ್ಯಾಕಿನಲ್ಲಿ ನಾನು ಬಂದೆ. 'ನಮ್ಮೂರು ನಮ್ಮೂರು.' ಸ್ವರಗಳು ಒಂದರ ಪಕ್ಕ ಒಂದು ಶಿಸ್ತಾಗಿ ನಿಂತವು. ಜನ ತಿರುಗಿ ನೋಡಿದರು. "ಇವ್ನಾ? ನಮ್ಮ ತಿಪ್ಪೇಶನಾ?" ಎನ್ನುವುದು ಕಿವಿಗೆ ಬಿತ್ತು. ನರಹರಿರಾಯರು ಕಣ್ಣು ಮುಚ್ಚಿ ತಲೆದೂಗಿದರು. ದೇವರಾಣೆ, ನನ್ನ ಬದುಕಿನಲ್ಲಿ ಅಷ್ಟು ಸುಖ ನಾನು ಕಂಡಿರಲಿಲ್ಲ. ಬೆನ್ನು ತಾನಾಗಿ ನೆಟ್ಟಗಾಯಿತು.

ಪಲ್ಲವಿ ಮುಗಿದು ನನ್ನ ದನಿ ನಿಂತು, ಬರೀ ಓಲಗ ಮೆಲ್ಲಗೆ ನುಡಿಯುವ ಹೊತ್ತು. ತಲೆಯ ಮೇಲಿನ ಕಿಟಕಿಯಿಂದ ಜಲಜಳ ಆಲಾಪ ಕೇಳಿಸಿತು. ಎಷ್ಟು ಚೆನ್ನಾಗಿತ್ತೆಂದರೆ, ಸದ್ಯ ಗಂಟಲು ಸರಿಹೋಯಿತಲ್ಲ ಎಂದು ನನಗೆ ಖುಷಿಯಾಯಿತು. ಆಗ ಮೊದಲನೇ ಚರಣ ಶುರುವಾಯಿತು. ನನ್ನ ದನಿ ಹಾರ್ನಿನಲ್ಲಿ ಎದ್ದಿತು, ಕಿಟಕಿಯಲ್ಲಿ ಅವಳ ದನಿ ಕೆಳಗೆ ಜಾರಿತು. ಬಾವಿಯೊಳಗೆ ಹಗ್ಗ ಕೈಬಿಟ್ಟ ಹಾಗೆ ಜಾರಿತು. ಅವಳು ನಿಲ್ಲಿಸಿ, ಕೆಮ್ಮಿ, ಮತ್ತೆ ಹಿಡಿಯಲು ನೋಡಿದಳು. ಸಿಗಲಿಲ್ಲ. ಚರಣದ ನಡುವೆ ನಾನು ಉಸಿರೆಳೆಯುವ ಒಂದು ಚೂರು ಜಾಗವಿದೆ, ಆ ಚೂರಿನಲ್ಲಿ ಅವಳ ಸ್ವರ ಎದ್ದು ನಿಂತಿತು. ಹಾರ್ನಿನಲ್ಲಿ ನಾನು ಮತ್ತೆ ಬಾಯಿ ಬಿಟ್ಟೆ, ಅದು ಮತ್ತೆ ಬಿದ್ದುಹೋಯಿತು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದೆ. ಆ ಕಷಾಯ, ಆ ಕಣ್ಣೀರು, ತಲೆ ತಗ್ಗಿಸಿ ನನ್ನ ಉಪದೇಶ ಕೇಳಿದ್ದು, ಎಲ್ಲ ಒಟ್ಟಿಗೆ ಬಂದು ಎದೆಯ ಮೇಲೆ ಕೂತವು. ಅಯ್ಯೋ ನನ್ನ ಬಾಯಿಗೆ ಮಣ್ಣು ಹಾಕ. ಕಿಟಕಿಯಾಚೆ ಪರೀಕ್ಷಕರೊಬ್ಬರು, "ಇನ್ನೊಂದು ಸಲ ಪ್ರಯತ್ನ ಮಾಡಿಮ್ಮ" ಎನ್ನುವುದು ಕೇಳಿಸಿತು.

ಹಾಡು ನಿಲ್ಲಿಸಿಬಿಡೋಣವೆಂದು ಕೈ ಎತ್ತಿದೆ. ಹಿಂದೆ ನಿಂತಿದ್ದ ದಾಕ್ಷಾಯಿಣಮ್ಮ, "ಏನ್ರೀ ಮಾಡ್ತೀರಾ? ನಿಲ್ಲಿಸಿದ್ರೆ ನೋಡಿ" ಎಂದರು. ದನಿಯನ್ನಷ್ಟೇ ಮುಚ್ಚಿ ಬರೀ ವಾದ್ಯ ಬಿಡೋಣವೆಂದರೆ, ಮುಂದಿನ ಚರಣದ ತುಂಬ ಸದಸ್ಯರು ಹೆಸರು ಕೇಳಿಸಿಕೊಳ್ಳಲು ಕಾದು ನಿಂತಿದ್ದರು. ಉಳಿದದ್ದು ಒಂದೇ. ಶ್ರುತಿ ತಿದ್ದುವ ಪ್ಲಗಿನ್ನಿನ ಮೂಲೆಯಲ್ಲಿ ಬೈಪಾಸ್ ಎಂಬ ಸಣ್ಣ ಗುಂಡಿಯಿದೆ. ಅದನ್ನು ಒತ್ತಿದರೆ ಎರವಲು ವಾಪಸ್ ಹೋಗುತ್ತದೆ, ನಾನು ನಾನಾಗುತ್ತೇನೆ, ನಾಲ್ಕು ಹಾರ್ನಿನಲ್ಲಿ, ಇಡೀ ಊರಿನ ಮುಂದೆ. ನಾನು ಹುತಾತ್ಮನಲ್ಲ, ಒಂದು ಸಾಲಿನಷ್ಟು ಹೊತ್ತು ಹಿಂದೆಮುಂದೆ ನೋಡಿದೆ. ನರಹರಿರಾಯರು ಇನ್ನೂ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಅವರ ಮುಖವನ್ನು ಕೊನೆಯ ಸಲವೆಂಬಂತೆ ನೋಡಿ ಒತ್ತಿಬಿಟ್ಟೆ.

ಮೊದಲು ಕಣ್ಣು ತೆರೆದದ್ದು ನರಹರಿರಾಯರು. ಬಸ್ಸಿನ ಡ್ರೈವರು ಗಾಬರಿಯಾಗಿ ಎಂಜಿನ್ ಆರಿಸಿ, ಕೆಳಗಿಳಿದು, ಬಾನೆಟ್ ಎತ್ತಿ ನೋಡಿದ. ಒಂದನೇ ವಾರ್ಡಿನ ಸದಸ್ಯರ ಹೆಸರು ಎರಡು ಸ್ವರದ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡಿತು, ಎರಡನೆಯವರದು ಮೇಲಕ್ಕೆ ಹೋಗಬೇಕಾದಲ್ಲಿ ಅಡ್ಡಕ್ಕೆ ಹೋಯಿತು. ಯಾರೋ ಕಿಸಕ್ಕೆಂದರು. ಆಮೇಲೆ ಬಸ್ ಸ್ಟ್ಯಾಂಡಿಗೆ ಬಸ್ ಸ್ಟ್ಯಾಂಡೇ ನಕ್ಕಿತು. ಚೌಡಪ್ಪನವರು ತೊಡೆ ತಟ್ಟಿಕೊಂಡು, "ಈಗ ಬಂತು ನೋಡ್ರಪ್ಪೋ ನಮ್ಮ ತಿಪ್ಪೇಶಪ್ಪನ ಗಂಟ್ಲು!" ಎಂದು ಕೂಗಿದರು. ನನ್ನ ಕಿವಿ ಕೆಂಡವಾಗಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಅಷ್ಟು ನಗುವಿನ ನಡುವೆಯೂ ತಲೆಯ ಮೇಲಿನ ಕಿಟಕಿಯಿಂದ ಒಂದು ದನಿ ಏರುತ್ತಿತ್ತು. ಏರಿ, ಮೇಲಿನ ಷಡ್ಜ ಮುಟ್ಟಿ, ಅಲ್ಲೇ ನಿಂತುಕೊಂಡಿತು. ನಾನು ಕೆಳಗಿನಿಂದ ಕರ್ಕಶವಾಗಿ ಎಷ್ಟು ಅರಚಿದರೂ ಅದು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ನನಗೆ ಅಳು ಬಂತು, ನಗುವೂ ಬಂತು, ಎರಡನ್ನೂ ತಡೆದುಕೊಂಡು ಮೌಸ್ ಗಟ್ಟಿಯಾಗಿ ಹಿಡಿದು ಕೂತೆ.

ಹಾಡು ಮುಗಿದ ಮೇಲೆ ಜನ ಒನ್ಸ್ ಮೋರ್ ಎಂದರು. ದಾಕ್ಷಾಯಿಣಮ್ಮನವರೂ, "ಹೆಸರು ಒಂದೂ ಅರ್ಥ ಆಗಲಿಲ್ಲ, ಇನ್ನೊಂದು ಸಲ ಹಾಕ್ರೀ" ಎಂದು ಹಲ್ಲು ಕಡಿದರು. "ಅದನ್ನ ಮತ್ತೆ ಸರಿ ಮಾಡಿ" ಎಂದೂ ಹೇಳಿದರು. ನಾನು ಸರಿ ಮಾಡಲಿಲ್ಲ. ಹಾಗೇ ಹಾಕಿದೆ, ಮೊದಲಿನಿಂದ ಕೊನೆಯವರೆಗೆ.

ಮನೆಗೆ ಬಂದು ಜಗಲಿಯ ಮೇಲೆ ತಲೆಗೆ ಟವಲು ಹಾಕಿಕೊಂಡು ಕೂತಿದ್ದೆ. ಜಲಜ ಬಂದಳು. ಮೆಟ್ಟಿಲ ಮೇಲೆ ಕುಸಿದು ಕೂತು, ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

"ಕೆಲಸ ಸಿಕ್ತು ರೀ," ಎಂದಳು ಕೊನೆಗೆ. "ಮೊದಲು ಕೆಟ್ಟೇಹೋಗಿತ್ತು, ಎದ್ದು ಬಂದ್ಬಿಡೋಣ ಅಂತಿದ್ದೆ. ಇದ್ದಕ್ಕಿದ್ದ ಹಾಗೆ ಸರಿಹೋಯ್ತು. ಅಷ್ಟರಲ್ಲಿ ನಿಮ್ಮ ಅವಾಂತರ ಶುರುವಾಯ್ತು. ನನ್ನ ನಂತರ ಇನ್ನಿಬ್ಬರಿದ್ರು. ಒಬ್ಬಳು ಕಿವಿ ಮುಚ್ಕೊಂಡು ಕೂತ್ಬಿಟ್ಳು. ಇನ್ನೊಬ್ಬಳು ಪಾಪ, ಹಾಡ್ತಾ ಹಾಡ್ತಾ ನಿಮ್ಮ ಜೊತೇಲೇ ಹೊರಟೋದ್ಳು. ಪರೀಕ್ಷಕರು ನನ್ನ ಕೇಳಿದ್ರು, ಇಂಥಾ ಸದ್ದಿನ ಮಧ್ಯೆ ಶ್ರುತಿ ಬಿಡದ ಹಾಗೆ ಹೇಗಮ್ಮ ಹಿಡಿದ್ರಿ, ಯಾರ ಹತ್ರ ಅಭ್ಯಾಸ ಅಂತ."

"ನೀನೇನಂದೆ?"

"ಮದುವೆ ಆದಾಗ್ನಿಂದ ಮನೇಲೇ ಅಭ್ಯಾಸ ಸಾರ್ ಅಂದೆ."

ನಾನೂ ನಕ್ಕೆ. ಅಲ್ಲಿಗೆ ಬಿಟ್ಟಿದ್ದರೆ ಗೆದ್ದಿರುತ್ತಿದ್ದೆ. ಆದರೆ ಅವಳು, "ಅಲ್ಲ ರೀ, ನಿಮ್ಮ ಹಾಡು ಮೊದಲು ಅಷ್ಟು ಚೆನ್ನಾಗಿತ್ತಲ್ಲ, ನಡುವೆ ಯಾಕೆ ಹಾಗಾಯ್ತು?" ಎಂದು ಕೇಳಿದಳು. ಅವಳ ಮುಖ ನೋಡಿಕೊಂಡು ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೇಳಿದೆ. ಅವಳ ನಗು ನಿಂತುಹೋಯಿತು.

"ಊರಿಗೆಲ್ಲ ಎಲೆ ಅಡಿಕೆ ಕೊಟ್ರಿ," ಎಂದಳು. "ಕಡ್ಲೆಪುರಿಯೋನಿಗೂ ಕೊಟ್ರಿ. ಪೊಲೀಸ್ ಸ್ಟೇಷನ್ನಿಗೂ ಕೊಟ್ಟು ಬಂದ್ರಿ."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಎದ್ದು ಒಳಗೆ ಹೋದಳು. ಮಾರನೆಯ ದಿನದಿಂದ ಕಾಫಿಯ ಹೊತ್ತಿಗೆ ನನ್ನ ಮುಂದೆ ಮೆಣಸಿನ ಕಷಾಯದ ಲೋಟ ಬರತೊಡಗಿತು. ಮಾತಿಲ್ಲ ಕತೆಯಿಲ್ಲ, ಬರೀ ಲೋಟ. ನಾನೂ ಮಾತಿಲ್ಲದೆ ಕುಡಿದೆ. ಅಷ್ಟು ದಿನ ಅವಳು ಇದನ್ನು ಹೇಗೆ ಕುಡಿದಳೋ, ಗಂಟಲಿನಿಂದ ಹೊಟ್ಟೆಯವರೆಗೆ ಬೆಂಕಿ ಇಳಿಯುತ್ತಿತ್ತು. ಆ ಕಡೆ ಪುರಸಭೆಯವರು ಊರಗೀತೆಯನ್ನು ಕೈಬಿಡಲಿಲ್ಲ. ನನ್ನ ಬರೀ ದನಿಗೆ ಎರವಲು ಬೇಕಿಲ್ಲವಲ್ಲ, ಪೆನ್‌ಡ್ರೈವಿನಲ್ಲಿ ಸುಖವಾಗಿ ನಿಂತಿತು. ಬಸ್ಸು ಹೊರಡುವ ಮುಂಚೆ ಹಾಕುತ್ತಾರೆ. ಈಗ ನಮ್ಮೂರಲ್ಲಿ ಜನ ನೂಕುನುಗ್ಗಲಿಲ್ಲದೆ, ಆದರೆ ಬಹಳ ಬೇಗ, ಬಸ್ಸು ಹತ್ತುತ್ತಾರೆ ಎಂದು ದಾಕ್ಷಾಯಿಣಮ್ಮನವರೇ ನನಗೆ ಹೇಳಿದರು.

ಜಲಜ ಹೊಸ ಕೆಲಸಕ್ಕೆ ಸೇರಿದ ವಾರ ನಾನು ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು, ತಟ್ಟೆಯಲ್ಲಿ ಎರಡು ಎಳೆಯ ವೀಳ್ಯದೆಲೆ, ಒಂದು ಅಡಿಕೆ ಇಟ್ಟುಕೊಂಡು ಅಡುಗೆಮನೆಯ ಬಾಗಿಲ ಹೊರಗೆ ನಿಂತೆ. ಒಳಗೆ ಕಾಲಿಡಲಿಲ್ಲ. ಚೌಡಪ್ಪನವರ ಮನೆ ಬಾಗಿಲಲ್ಲಿ ನಿಂತು ಕರೆಯುವ ಹಾಗೆಯೇ ಕರೆದೆ.

"ಮನೇಲಿ ಯಾರಿದ್ದೀರಿ?"

ಅವಳು ಕೈ ಒರೆಸಿಕೊಳ್ಳುತ್ತಾ ಬಂದು ತಟ್ಟೆ ನೋಡಿದಳು, ನನ್ನನ್ನು ನೋಡಿದಳು. "ಏನಾಗ್ಬೇಕಿತ್ತು?"

"ಕೇಳದೆ ತಗೊಂಡಿದ್ದೆ," ಎಂದೆ. "ತಪ್ಪಾಯ್ತು. ಇನ್ಮೇಲೆ ಬೇಕಾದ್ರೆ ಹೇಳಿ ತಗೋತೀನಿ."

ಜಲಜ ಎಲೆ ಎತ್ತಿಕೊಂಡಳು. ನಿಧಾನವಾಗಿ ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆ ಚೂರು ಇಟ್ಟು, ಮಡಿಚಿ ಬಾಯಿಗೆ ಹಾಕಿಕೊಂಡಳು. ಆಮೇಲೆ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು ಪಕ್ಕಕ್ಕಿಟ್ಟಳು.

"ಎಲೆ ತಗೊಂಡಿದ್ದೀನಿ. ಎರವಲು ಮಾತ್ರ ಕೊಡಲ್ಲ," ಎಂದಳು. "ಕೂತ್ಕೊಳ್ಳಿ."

ಕೂತೆ. ಅವಳು ತಂಬೂರಿ ಪೆಟ್ಟಿಗೆ ಹಾಕಿ, ಎದುರಿಗೆ ಮಣೆ ಎಳೆದುಕೊಂಡು ಕೂತಳು. "ಸ ಅನ್ನಿ."

ಅಂದೆ.

"ಅದಲ್ಲ."

ಮತ್ತೆ ಅಂದೆ. ಎದುರು ಮನೆಯವರು ಕಿಟಕಿ ಹಾಕಿಕೊಂಡರು.

"ಅದೂ ಅಲ್ಲ," ಎಂದಳು ಜಲಜ. ಅವಳ ತುಟಿ ಎಲೆಯ ರಸಕ್ಕೆ ಕೆಂಪಾಗಿತ್ತು. "ಇರಲಿ. ಇದು ನಿಮ್ಮದೇ. ಇನ್ನೊಂದ್ಸಲ ಅನ್ನಿ."